ಮುಯ್ಯಾಳು ಕರೆಯುತ್ತಿದ್ದ ಸಣ್ಣತಾಯಮ್ಮ

ಹೊಗೆಸೊಪ್ಪು ಮುರಿಯುವ ಎರಡು ತಿಂಗಳು ಬೀರನಕೊಪ್ಪಲು ಏಳುತ್ತಿದ್ದುದು ಸಣ್ಣತಾಯಮ್ಮನ ದನಿಗೆ. ರಾವಂದೂರಿನಿಂದ ಒಳದಾರಿಯಲ್ಲಿ ನಾಲ್ಕು ಮೈಲಿ ದೂರದ, ಅರವತ್ತು ಮನೆಗಳ ಊರು ಅದು. ಮಂಜು ಇನ್ನೂ ನೆಲದ ಮೇಲೆ ಮಲಗಿರುವಾಗಲೇ ಅವಳು ಸೆರಗನ್ನು ಕಿವಿ ಮುಚ್ಚುವಂತೆ ಸುತ್ತಿಕೊಂಡು ಬೀದಿಯ ಮೇಲಿನ ತುದಿಯಿಂದ ಹೊರಡುವಳು.

“ಚಿಕ್ಕಬೀರವ್ವಾ, ಇವತ್ತು ಕೆರೆ ಕೆಳಗಲ ಮನೆಗೆ ಕಣಮ್ಮಿ. ಎದ್ಯಾ?”

“ಎದ್ದಿವ್ನಿ ಕಣಕ್ಕ. ನಿನ್ನ ಕಾಟದಲ್ಲಿ ನಿದ್ದೆ ಎಲ್ಲದೆ?”

“ಸತ್ತ ಮೇಲೆ ಮಲ್ಗುವಂತೆ, ಈಗ ಬಾ.”

ಇಷ್ಟಾದರೆ ಆ ಮನೆ ಮುಗಿಯಿತು. ಮುಂದಿನ ಬಾಗಿಲು.

ಸೊಪ್ಪು ಬೇಯಿಸಿ ಹದಮಾಡುವ ಮನೆ, ಅಂದರೆ ಒಂದು ಬ್ಯಾರನ್, ತುಂಬಲು ಇಪ್ಪತ್ತು ಹೆಂಗಸರ ಕೈ ಬೇಕು. ಗಂಡಸರು ಬೆಳಗಾಗುತ್ತಲೇ ಮುರಿದು ತಂದ ಹಸಿ ಸೊಪ್ಪನ್ನು ಹೆಂಗಸರು ನೆರಳಲ್ಲಿ ಕೂತು ಕಡ್ಡಿಗಳಿಗೆ ಕಟ್ಟಬೇಕು. ಕಟ್ಟಿದ ಕಡ್ಡಿಗಳನ್ನು ಬೈಗಿನೊಳಗೆ ಬ್ಯಾರನ್ನಿನಲ್ಲಿ ಸಾಲಾಗಿ ನೇತುಹಾಕಿ ಕೆಳಗೆ ಬೆಂಕಿ ಹೂಡಬೇಕು. ತಡವಾದರೆ ರಾಶಿಯ ಹೊಟ್ಟೆಯಲ್ಲೇ ಬಿಸಿಯೇರಿ ಎಲೆ ಕಪ್ಪಾಗುತ್ತದೆ. ಕಪ್ಪಾದ ಸೊಪ್ಪನ್ನು ಹರಾಜಿನಲ್ಲಿ ಯಾರೂ ತಿರುಗಿಯೂ ನೋಡುವುದಿಲ್ಲ. ಇಪ್ಪತ್ತು ಜನಕ್ಕೆ ಕೂಲಿ ಕೊಟ್ಟು ಬೆಳೆಯುವ ಶಕ್ತಿ ಆ ಊರಿನ ಯಾವ ಮನೆಗೂ ಇರಲಿಲ್ಲ. ಆದ್ದರಿಂದ ಇವತ್ತು ನಿನ್ನ ಮನೆಗೆ ನಾನು, ನಾಳೆ ನನ್ನ ಮನೆಗೆ ನೀನು. ಅದೇ ಮುಯ್ಯಿ, ಹಾಗೆ ಹೋಗುವವರು ಮುಯ್ಯಾಳು.

ಇದಕ್ಕೊಂದು ಕಟ್ಟಳೆಯಿತ್ತು. ಸರದಿಯ ಮನೆಯವರು ತಾವೇ ಹೋಗಿ ಕರೆಯುವಂತಿಲ್ಲ; ಕರೆದರೆ ಬೇಡಿದ ಹಾಗಾಗುತ್ತದೆ. ಕರೆಯದೆ ಯಾರೂ ಹೋಗುವಂತಿಲ್ಲ. ಹೋದರೆ ಆ ಮನೆಯವರಿಗೆ ಕೈಲಾಗದು ಎಂದು ಸಾರಿದ ಹಾಗೆ. ಹಾಗಾಗಿ ನಡುವೆ ಒಬ್ಬರು ಬೇಕು. ಮೊದಲು ಸಣ್ಣತಾಯಮ್ಮನ ಅತ್ತೆ ಆ ಕೆಲಸ ಮಾಡುತ್ತಿದ್ದಳು. ಅತ್ತೆ ಹಾಸಿಗೆ ಹಿಡಿದ ವರ್ಷ ಅದು ಸೊಸೆಯ ಕಾಲಿಗೆ ಬಂತು. ಅಕ್ಷರ ಗೊತ್ತಿಲ್ಲದಿದ್ದರೂ ಯಾರ ಮನೆಯಿಂದ ಯಾರ ಮನೆಗೆ ಎಷ್ಟು ದಿನ ಹೋಗಿದೆ, ಎಷ್ಟು ದಿನ ಬರಬೇಕು ಎಂಬುದೆಲ್ಲ ಅವಳ ನೆನಪಿನಲ್ಲಿತ್ತು. ಬಸುರಿಗೆ ಕರೆಯಿಲ್ಲ, ಬಾಣಂತಿಗೆ ಕರೆಯಿಲ್ಲ, ಸೂತಕದ ಮನೆಗೆ ಕರೆಯಿಲ್ಲ. ಅಂಥವರ ಮುಯ್ಯಿ ಮುಂದಿನ ವರ್ಷಕ್ಕೋ ಅದರ ಮುಂದಿನ ವರ್ಷಕ್ಕೋ ನಿಲ್ಲುತ್ತಿತ್ತು. ಹಾಗೆ ನಿಂತದ್ದಕ್ಕೆ ಊರಿನ ಮಾತಿನಲ್ಲಿ ಬಾಕಿ ಎಂಬ ಹೆಸರೇ ಇರಲಿಲ್ಲ.

ಎರಡು ಸಾವಿರದ ಆರರ ಬೇಸಿಗೆಯಲ್ಲಿ ಶಿವಶಂಕರ ಬಂದ. ಸಾಲಿಗ್ರಾಮದ ಕಡೆಯ ಹುಡುಗ, ಗದ್ದೆ ಮಾಡುವವರ ಮಗ, ಬಿ.ಕಾಂ. ಓದಿದವನು. ಹೆಂಗಸರಿಗೆ ಸಾಲ ಕೊಡುವ ಒಂದು ಕಂಪನಿಯಲ್ಲಿ ಫೀಲ್ಡ್ ಆಫೀಸರ್. ಬೈಕು ನಿಲ್ಲಿಸಿ, ಹೆಲ್ಮೆಟ್ಟು ತೆಗೆದು, ಚಾಪೆ ಹಾಕುವ ಮೊದಲೇ ಸಣ್ಣತಾಯಮ್ಮನ ಜಗುಲಿಯ ಮೇಲೆ ಕೂತುಬಿಟ್ಟ. ಎಲ್ಲರನ್ನೂ ಅಕ್ಕಾ ಅಂದ. ಅವನು ಪಹಣಿಯನ್ನೂ ಕೇಳಲಿಲ್ಲ, ಒಡವೆಯನ್ನೂ ಕೇಳಲಿಲ್ಲ.

“ಹಂಗಾರೆ ಯಾವ ಧೈರ್ಯದ ಮೇಲೆ ದುಡ್ಡು ಕೊಟ್ಟೀಯಪ್ಪಾ?” ಎಂದು ಸಣ್ಣತಾಯಮ್ಮ ಕೇಳಿದಳು.

“ನಿಮಗೆ ನೀವೇ ಜಾಮೀನು ಅಕ್ಕಾ. ಐದು ಜನ ಒಂದು ಗುಂಪು. ಒಬ್ಬರಿಗೆ ಒಂದು ವಾರ ಕಂತು ಕಟ್ಟಲು ಆಗದಿದ್ದರೆ ಉಳಿದ ನಾಲ್ವರು ಹೊತ್ತುಕೊಳ್ಳಬೇಕು.”

“ಓ, ಅಷ್ಟೇಯಾ? ಅದೇನು ಹೊಸ್ದು? ನಮ್ಮ ಮುಯ್ಯಿನೇ ಕಣಪ್ಪಾ ಅದು.”

“ಮುಯ್ಯಿ ಅಂದ್ರೆ ಮದುವೇಲಿ ಓದಿಸ್ತಾರಲ್ಲ, ಅದಾ?”

“ಅದೂ ಮುಯ್ಯಿನೇ, ಇದೂ ಮುಯ್ಯಿನೇ. ನಿಮ್ಮೂರಲ್ಲಿ ನಾಟಿಗೆ ಹೋಗಕಿಲ್ವಾ ಒಬ್ರ ಗದ್ದೆಗೊಬ್ರು?”

“ಈಗೆಲ್ಲ ಕೂಲಿನೇ ಅಕ್ಕಾ,” ಎಂದು ಅವನು ಸ್ವಲ್ಪ ಸಪ್ಪಗಾದ. ಆಮೇಲೆ ಡೈರಿ ತೆಗೆದು, “ಇನ್ನೊಂದು ಸಲ ಬಿಡಿಸಿ ಹೇಳಿ,” ಅಂದ.

ಅವಳು ಬಿಡಿಸಿ ಹೇಳಿದಳು. ಯಾರು ಯಾರಿಗೆ ಇಲ್ಲ ಅನ್ನಲಾರರು, ಯಾರ ನಡುವೆ ಹತ್ತು ವರ್ಷದಿಂದ ಮುಯ್ಯಿ ಮುರಿದಿಲ್ಲ, ಯಾರಿಗೆ ಯಾರ ದಾಕ್ಷಿಣ್ಯ. ಓದಿದವರು ಯಾರೂ ಅದುವರೆಗೆ ಅವಳ ಮಾತನ್ನು ಇಷ್ಟು ಗಮನವಿಟ್ಟು ಕೇಳಿರಲಿಲ್ಲ. ಮುಂದಿನ ವಾರ ಶಿವಶಂಕರ ಇಪ್ಪತ್ತು ಹೆಂಗಸರನ್ನು ನಾಲ್ಕು ಗುಂಪು ಮಾಡಿಕೊಂಡು ಬಂದ. ಒಬ್ಬರಿಗೊಬ್ಬರು ಇಲ್ಲ ಅನ್ನಲಾರದವರೇ ಒಂದೊಂದು ಗುಂಪಿನಲ್ಲಿದ್ದರು. “ಎಷ್ಟು ಚೆಂದಾಗಿ ಜೋಡ್ಸವ್ನೆ ನೋಡು!” ಎಂದು ಸಣ್ಣತಾಯಮ್ಮ ಗಂಡನಿಗೆ ಹೇಳಿ ಹಿಗ್ಗಿದಳು. ನಾಲ್ಕೂ ಗುಂಪು ಸೇರಿದ ಕೇಂದ್ರಕ್ಕೆ ಅವಳನ್ನು ನಾಯಕಿ ಮಾಡಿದ್ದರು.

ನಾಲ್ಕು ತಿಂಗಳಾದ ಮೇಲೆ ಹೊಸ ಕಾರ್ಡುಗಳು ಅಚ್ಚಾಗಿ ಬಂದವು. ಹಸಿರು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ‘ಮುಯ್ಯಿ ಗುಂಪು’ ಎಂದಿತ್ತು. ಶಿವಶಂಕರ ಬೆರಳಿಟ್ಟು ತೋರಿಸಿದ. ಸಣ್ಣತಾಯಮ್ಮ ಆ ಅಕ್ಷರಗಳನ್ನು ಮಗುವಿನ ಮುಖ ನೋಡುವ ಹಾಗೆ ನೋಡಿದಳು. ಅವಳ ಗಂಡ ಮಂಟಯ್ಯ ಬಾಯಲ್ಲಿದ್ದ ಬೀಡಿ ತೆಗೆದು, “ನಿನ್ನ ಮಾತು ಅಚ್ಚಾಯ್ತಲ್ಲಮ್ಮಿ! ಅಂಗೇ ನಂಗೆ ಬಯ್ಯೋದನ್ನೂ ಅಚ್ಚಾಕ್ಸು, ಊರಿಗೆಲ್ಲ ಅಂಚವ,” ಅಂದ.

ಬುಧವಾರ ಬೆಳಿಗ್ಗೆ ಎಂಟಕ್ಕೆ ಅವಳ ಜಗುಲಿಯಲ್ಲಿ ಮೀಟಿಂಗು. ಮೊದಲು ಎಲ್ಲರೂ ಎದ್ದು ನಿಂತು, ಬಲಗೈ ಮುಂದೆ ಚಾಚಿ ಹೇಳಬೇಕು: “ನಾವು ಮುಯ್ಯಿ ಗುಂಪಿನ ಸದಸ್ಯರು. ನಾವು ಮುಯ್ಯಿ ತಪ್ಪಿಸುವುದಿಲ್ಲ. ಮುಯ್ಯಿ ತಪ್ಪಿಸುವವರನ್ನು ಜೊತೆಯಲ್ಲಿ ಇಟ್ಟುಕೊಳ್ಳುವುದಿಲ್ಲ.” ಮೊದಮೊದಲು ಹೆಂಗಸರು ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಳ್ಳುತ್ತಿದ್ದರು. ಆಮೇಲೆ ರೂಢಿಯಾಯಿತು. ಕಂಪನಿಯ ದುಡ್ಡಿನಿಂದ ಹಸು ಬಂದವು, ತೂತಾದ ಬ್ಯಾರನ್ ಕೊಳವೆಗಳು ಬದಲಾದವು, ಒಬ್ಬಳ ಮಗಳ ಕಣ್ಣಿನ ಆಪರೇಷನ್ ಆಯಿತು. ಇದನ್ನು ಯಾರೂ ಇಲ್ಲ ಅನ್ನುವಂತಿರಲಿಲ್ಲ.

ಒಂದು ಬುಧವಾರ ಶಿವಶಂಕರ ಖುಷಿಯಲ್ಲಿ ಬಂದ. “ಮೈಸೂರು ಆಫೀಸಿನ ಗೋಡೆ ಮೇಲೆ ಕಂತಿನ ಲೆಕ್ಕ ನೋಡಿ ಎಲ್ಲಾ ಕೇಂದ್ರಗಳ ನಂಬಿಕೆ ಪಟ್ಟಿ ಹಾಕಿದ್ದಾರೆ ಅಕ್ಕಾ. ಪಿರಿಯಾಪಟ್ಟಣ ತಾಲ್ಲೂಕಿಗೇ ನಿಮ್ಮದು ಮೊದಲು. ನಿಮ್ಮ ಊರಿನ ನಂಬಿಕೆ ತೊಂಬತ್ತೊಂಬತ್ತು ಪರ್ಸೆಂಟು!”

ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಂತ ಮೇಲೆ ಚಿಕ್ಕಬೀರಮ್ಮ ಕೇಳಿದಳು, “ಅಲ್ಲಾ ಸಾ, ಉಳುದ್ ಒಂದು ಪರ್ಸೆಂಟು ಯಾರು?”

“ಅದು ಹಾಗಲ್ಲಕ್ಕಾ, ಅದು ಲೆಕ್ಕ…”

“ಯಾರೋ ಒಬ್ರು ಇರ್ಲೇಬೇಕಲ್ಲ. ನೀನಾ ಅಮ್ಮಿ?” ಎಂದು ಪಕ್ಕದವಳನ್ನು ತಿವಿದಳು. ಆಕೆ, “ನಾನ್ಯಾಕಾಗ್ಲಿ, ನಿನ್ ಮೂತಿ ನೋಡುದ್ರೇ ಗೊತ್ತಾಯ್ತದೆ,” ಅಂದಳು. ದೊಡ್ಡ ನಗು ಎದ್ದಿತು. ಆದರೆ ಮೀಟಿಂಗು ಮುಗಿದು ಮನೆಗೆ ಹೋಗುವಾಗ ಯಾವತ್ತಿನಂತೆ ಇಬ್ಬಿಬ್ಬರು ಮೂವರು ಸೇರಿ ಹೋಗಲಿಲ್ಲ. ಸಣ್ಣತಾಯಮ್ಮ ಜಗುಲಿ ಗುಡಿಸುತ್ತ ನೋಡಿದಳು; ಪ್ರತಿಯೊಬ್ಬಳೂ ಒಂದಷ್ಟು ಹಿಂದೆ ಉಳಿದು, ಮುಂದೆ ಹೋಗುವವಳ ಬೆನ್ನು ನೋಡುತ್ತ ನಡೆಯುತ್ತಿದ್ದಳು. ಅಂದಿನಿಂದ ಅವಳ ಎದೆಯಲ್ಲಿ ಸಣ್ಣದೊಂದು ಅಳುಕು ಮನೆ ಮಾಡಿತು. ಅದು ಏನೆಂದು ಗಂಡನಿಗೆ ಹೇಳಹೋದಳು, ಹೇಳಲು ಬರಲಿಲ್ಲ.

ಎರಡು ವರ್ಷ ಕಳೆಯಿತು. ಎಂಟನೇ ಇಸವಿಯ ಆಗಸ್ಟಿನಲ್ಲಿ, ಸೊಪ್ಪು ಮುರಿಯುವುದು ಭರಾಟೆಯಲ್ಲಿರುವಾಗ, ಸುನಂದಮ್ಮನ ಮಗಳು ಪವಿತ್ರಾಳಿಗೆ ಏಳನೇ ತಿಂಗಳಲ್ಲೇ ನೋವು ಕಾಣಿಸಿಕೊಂಡಿತು. ಮೈಸೂರಿನ ದೊಡ್ಡಾಸ್ಪತ್ರೆಗೆ ಹೋದರು. ಕೂಸು ಅಂಗೈ ಅಗಲ. ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಸುನಂದಮ್ಮ ಆಸ್ಪತ್ರೆಯ ವರಾಂಡದಲ್ಲೇ ಎರಡು ವಾರಕ್ಕೂ ಹೆಚ್ಚು ಕಾಲ ಉಳಿದಳು.

ಸುನಂದಮ್ಮ ಇಪ್ಪತ್ತೈದು ವರ್ಷದ ಹಿಂದೆ ಕೆ.ಆರ್. ನಗರದ ಕಡೆಯಿಂದ ಅಂಕಯ್ಯನ ಹೆಂಡತಿಯಾಗಿ ಬಂದವಳು. ನೀರಾವರಿ ಊರಿನವಳಿಗೆ ಹೊಗೆಸೊಪ್ಪಿನ ವಾಸನೆಯೇ ಆಗುತ್ತಿರಲಿಲ್ಲ. ಅವಳ ಕೈಹಿಡಿದು ಎಲೆ ಕಟ್ಟುವುದನ್ನು ಕಲಿಸಿದವಳು ಸಣ್ಣತಾಯಮ್ಮ. ವಾಂತಿ ಮಾಡಿಕೊಂಡಾಗ ಬೆನ್ನು ಸವರಿದವಳೂ ಅವಳೇ. ಕಂಪನಿಯ ಪಟ್ಟಿಯಲ್ಲಿ ಸುನಂದಮ್ಮ ಚಿಕ್ಕಬೀರಮ್ಮನ ಗುಂಪಿನಲ್ಲಿದ್ದಳು.

ಮೊದಲ ಬುಧವಾರ ಅವಳು ಬರಲಿಲ್ಲ; ಕಂತು ಗುಂಪಿನವರು ಕಟ್ಟಿದರು. ಎರಡನೆಯ ಬುಧವಾರವೂ ಬರಲಿಲ್ಲ, ಗೊಣಗುತ್ತ ಕಟ್ಟಿದರು. ಮೂರನೆಯ ಬುಧವಾರ ಶಿವಶಂಕರನ ಬೈಕಿನ ಹಿಂದೆ ಒಂದು ಕಾರು ಬಂತು. ಮೈಸೂರಿನ ಮ್ಯಾನೇಜರು. ಬಿಳಿ ಅಂಗಿ, ಮೆದು ಮಾತು. ಅಂದು ಗುಂಪಿನ ನಾಲ್ವರ ಕೈಯಲ್ಲೂ ಸುನಂದಮ್ಮನ ಪಾಲಿಗೆ ದುಡ್ಡಿರಲಿಲ್ಲ.

“ಪರವಾಗಿಲ್ಲ, ಕೂತ್ಕೊಳ್ಳಿ. ಕಾಯೋಣ,” ಎಂದು ಮ್ಯಾನೇಜರು ಹೇಳಿದರು.

ಎಂಟಕ್ಕೆ ಕೂತವರು ಹನ್ನೊಂದಾದರೂ ಏಳಲಿಲ್ಲ. ಕೊಟ್ಟಿಗೆಗಳಲ್ಲಿ ಹಸು ಕೂಗುತ್ತಿದ್ದವು. ಎಳೆಮಗುವಿನ ತಾಯಿಯೊಬ್ಬಳ ರವಿಕೆ ಹಾಲಿನಿಂದ ಒದ್ದೆಯಾಗಿತ್ತು. ಅವಳು ಸೆರಗು ಎಳೆದು ಎಳೆದು ಮುಚ್ಚಿಕೊಳ್ಳುತ್ತಿದ್ದಳು. ಕಡೆಗೆ ಚಿಕ್ಕಬೀರಮ್ಮ ಎದ್ದು ಹೋಗಿ, ರಾಗಿ ಡಬ್ಬದಲ್ಲಿ ಅಡಗಿಸಿಟ್ಟಿದ್ದ ದುಡ್ಡು ತಂದು ಚಾಪೆಯ ಮೇಲೆ ಹಾಕಿದಳು.

ಮ್ಯಾನೇಜರು ಅದನ್ನು ಮುಟ್ಟಲಿಲ್ಲ. “ಈ ಅಮ್ಮನಿಗೆ ಎಷ್ಟು ಅನ್ಯಾಯ ಆಯ್ತು ನೋಡಿ. ಕಂಪನಿಗೆ ಏನೂ ನಷ್ಟ ಇಲ್ಲ. ಮುಯ್ಯಿ ನಿಮ್ಮದು. ಅದನ್ನ ತಪ್ಪಿಸಿದ್ದು ನಿಮ್ಮ ಸುನಂದಮ್ಮ. ಮುಯ್ಯಿ ತಪ್ಪಿಸಿದವರಿಗೆ ನಿಮ್ಮೂರಲ್ಲಿ ಏನು ಮಾಡ್ತೀರಿ?”

ಅಂಥವರಿಗೆ ಏನಾದರೂ ಮಾಡಿದ್ದು ಯಾರ ನೆನಪಿನಲ್ಲೂ ಇರಲಿಲ್ಲ.

“ಬಾಕಿ ತೀರಿಸೋವರೆಗೂ ಆ ಮನೆ ಕೆಲಸಕ್ಕೆ ಯಾರೂ ಹೋಗಬೇಡಿ. ಅಷ್ಟು ಸಾಕು. ಇಲ್ಲಾಂದ್ರೆ ಈ ಕೇಂದ್ರದ ಇಪ್ಪತ್ತೂ ಜನಕ್ಕೆ ಮುಂದಿನ ಸಾಲ ನಿಲ್ಲಿಸಬೇಕಾಗುತ್ತೆ. ಶಿವಶಂಕರ್ ಹೇಳಿದರು, ಇಲ್ಲಿ ಕರೆಯೋದು ನಾಯಕಿಯವರೇ ಅಂತೆ.” ಅವರು ಸಣ್ಣತಾಯಮ್ಮನ ಕಡೆ ತಿರುಗಿ ಕೈಮುಗಿದರು. “ಇದು ನಿಮ್ಮ ಜವಾಬ್ದಾರಿ ತಾಯಿ.”

ಸಣ್ಣತಾಯಮ್ಮ ಶಿವಶಂಕರನನ್ನು ನೋಡಿದಳು. ಅವನು ಕಾರ್ಡುಗಳನ್ನು ಜೋಡಿಸುತ್ತಿದ್ದ, ಜೋಡಿಸಿದ್ದನ್ನೇ ಮತ್ತೆ ಜೋಡಿಸುತ್ತಿದ್ದ. ಅವಳು ಆ ಒದ್ದೆ ರವಿಕೆಯವಳನ್ನು ನೋಡಿದಳು. ಇವರೆಲ್ಲ ಮೊದಲು ಏಳಲಿ ಎಂಬ ಒಂದೇ ಯೋಚನೆ ಅವಳಿಗಿತ್ತು.

“ಆಯ್ತು ಸಾ,” ಅಂದಳು.

ಹೆಂಗಸರು ಎದ್ದು ಓಡಿದರು.

ಮಾರನೆಯ ದಿನ ಗುರುವಾರ, ಅಂಕಯ್ಯನ ಮನೆಯ ಸರದಿ. ವಾರದ ಹಿಂದೆಯೇ ಸಣ್ಣತಾಯಮ್ಮ ಅದನ್ನು ಅವನಿಗೆ ಹೇಳಿಯಾಗಿತ್ತು. ಅದಕ್ಕಾಗಿಯೇ ಸುನಂದಮ್ಮ ಮಗಳನ್ನು ಬೀಗತಿಯ ಕೈಗೆ ಒಪ್ಪಿಸಿ, ಬುಧವಾರ ಸಂಜೆಯ ಬಸ್ಸಿಗೆ ಊರಿಗೆ ಬಂದಳು. ಮೀಟಿಂಗಿನಲ್ಲಿ ಆದದ್ದನ್ನು ಅವಳಿಗೆ ಯಾರೂ ಹೇಳಲಿಲ್ಲ. ಹೇಳುವುದು ಸಣ್ಣತಾಯಮ್ಮನ ಕೆಲಸ ಎಂದು ಎಲ್ಲರೂ ಅಂದುಕೊಂಡರು. ಸಣ್ಣತಾಯಮ್ಮ ಬೀದಿಯ ಆ ತುದಿಯವರೆಗೆ ಹೋಗಿ, ಅಂಕಯ್ಯನ ಮನೆಯೊಳಗೆ ಸುನಂದಮ್ಮ ಯಾರಿಗೋ ಮೊಮ್ಮಗಳ ಬೆರಳು ಎಷ್ಟು ಸಣ್ಣದೆಂದು ಹೇಳುತ್ತಿದ್ದುದು ಕೇಳಿಸಿ, ಹಿಂದಿರುಗಿದಳು.

ಗುರುವಾರ ಎಂದಿನ ಹೊತ್ತಿಗೆ ಎಚ್ಚರವಾಯಿತು. ಎದ್ದು ಸೆರಗು ಸುತ್ತಿಕೊಂಡು ಜಗುಲಿಗೆ ಬಂದು ಕೂತಳು. ಮಂಟಯ್ಯ ಹಲ್ಲುಜ್ಜುತ್ತ ಹೊರಬಂದ.

“ಯಾಕೆ ಕುಂತಿದ್ದೀಯೆ? ಅಂಕಯ್ಯನ್ದಲ್ವಾ ಇವತ್ತು?”

ಅವಳು ಹೇಳಿದಳು. ಅವನು ಬಾಯಲ್ಲಿದ್ದುದನ್ನು ಉಗುಳಿದ.

“ಆ ಕಾರ್ನವ್ನು ನಿಂಗೆ ಕೈಮುಗುದ್ನಾ?”

“ಹೂಂ.”

“ಅದಕ್ಕೇ ಕಣೆ. ನಾನು ಯಾವತ್ತೂ ಮುಗೀನಿಲ್ಲ ನೋಡು, ನಿನ್ ಕೈಲಿ ಏನೂ ಮಾಡ್ಸಕ್ಕೆ ಆಗ್ನಿಲ್ಲ.” ನಗಿಸಲೆಂದು ಅಂದ ಮಾತು ನಗಿಸಲಿಲ್ಲ. ಅವನು ಹೊಲದ ಕಡೆ ಹೋದ.

ಅವಳ ಜಗುಲಿಯಿಂದ ನೋಡಿದರೆ ಇಳಿಜಾರಿನಲ್ಲಿ ಅಂಕಯ್ಯನ ಹೊಲ ಪೂರ್ತಿ ಕಾಣುತ್ತದೆ. ಬೆಳಕು ಹರಿದಾಗ ಅಲ್ಲಿ ಮೂರು ತಲೆ ಕಂಡವು: ಅಂಕಯ್ಯ, ಗುರುಪುರದಿಂದ ಬಂದ ಅವನ ಇಬ್ಬರು ಬಾವಮೈದುನರು. ಅವರು ಎಲೆ ಮುರಿಯುತ್ತಿದ್ದರು. ಆಳು ಬರುತ್ತಾರೋ ಇಲ್ಲವೋ ಎಂದು ಅವರು ಕೇಳಿರಲಿಲ್ಲ. ಸರದಿಯ ಮನೆಯವರು ಯಾವತ್ತೂ ಕೇಳುವುದಿಲ್ಲ. ಕೇಳಿದರೆ ಊರನ್ನೇ ಅನುಮಾನಿಸಿದ ಹಾಗೆ. ಸಣ್ಣತಾಯಮ್ಮ ಕೂತಲ್ಲೇ, “ಸಾಕು, ಅಷ್ಟು ಸಾಕು, ನಿಲ್ಸಿ,” ಎಂದು ತನಗೆ ತಾನೇ ಹೇಳಿಕೊಂಡಳು. ಅವರು ನಿಲ್ಲಿಸಲಿಲ್ಲ. ಸಾಲಿನ ಮೇಲೆ ಸಾಲು ಮುರಿದರು. ಹೊರೆಯ ಮೇಲೆ ಹೊರೆ ಹುಣಸೆಮರದ ನೆರಳಿಗೆ ಬಂದು ಬಿತ್ತು. ಎಂಟು ಗಂಟೆಯ ಹೊತ್ತಿಗೆ ರಾಶಿ ಎದೆಯೆತ್ತರವಾಗಿತ್ತು. ಅದರ ಮುಂದೆ ಸುನಂದಮ್ಮ ಒಬ್ಬಳೇ ಕೂತು ಕಡ್ಡಿಗೆ ಎಲೆ ಕಟ್ಟುತ್ತಿದ್ದಳು. ಆಗಾಗ ತಲೆಯೆತ್ತಿ ಊರಿನ ದಾರಿ ನೋಡುತ್ತಿದ್ದಳು.

ಬೀದಿಯಲ್ಲಿ ಯಾರೂ ಹೊರಗೆ ಬಂದಿರಲಿಲ್ಲ. ಆದರೆ ಯಾರೂ ತಮ್ಮ ಹೊಲಕ್ಕೂ ಹೋಗಿರಲಿಲ್ಲ. ಬಾಗಿಲುಗಳು ಒಂದು ಕೈಯಗಲ ತೆರೆದಿದ್ದವು.

ಹತ್ತು ಗಂಟೆಗೆ ಹೊಲದ ಕಡೆಯಿಂದ ಹೆಜ್ಜೆ ಸದ್ದಾಯಿತು. ಸುನಂದಮ್ಮ ಬರುತ್ತಿದ್ದಳು. ಕೈಯೆಲ್ಲ ಎಲೆಯ ಅಂಟು. ಸಣ್ಣತಾಯಮ್ಮನಿಗೆ ಒಳಗೆ ಓಡಿಬಿಡಬೇಕೆನಿಸಿತು.

“ಅಕ್ಕಾ, ಯಾಕಕ್ಕಾ, ಉಸಾರಿಲ್ವಾ?” ಸುನಂದಮ್ಮ ಜಗುಲಿಯ ಕೆಳಗೆ ನಿಂತು ಮುಖವನ್ನೇ ನೋಡಿದಳು. “ನಿನ್ ದನಿನೇ ಕೇಳ್ನಿಲ್ಲ. ಆಗ್ಲೇ ಅಂದ್ಕಂಡೆ, ಅಕ್ಕಂಗೆ ಜ್ವರ ಗಿರ ಬಂದದೆ ಅಂತ.”

ಹುಷಾರು ತಪ್ಪುವುದಲ್ಲದೆ ಬೇರೆ ಕಾರಣ ಇರಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ.

“ಹೂಂ ಕಣವ್ವ,” ಅಂದಳು ಸಣ್ಣತಾಯಮ್ಮ. “ಮೈ ಬಿಸಿಯಾಗದೆ.”

ಸುನಂದಮ್ಮ ಅಂಟು ಕೈಯ ಹಿಂಬದಿಯನ್ನು ಅವಳ ಹಣೆಗಿಟ್ಟಳು. ಒಂದು ಗಳಿಗೆ ಇಟ್ಟೇ ಇದ್ದಳು. ಹಣೆ ತಣ್ಣಗಿತ್ತು, ಬೆವರಿನಿಂದ ಇನ್ನೂ ತಣ್ಣಗಿತ್ತು.

“ಬೆವ್ರಿ ಇಳ್ದದೆ ಬುಡು. ನೀನು ಮಲ್ಗು. ಎಲ್ಲಾ ನಿನ್ನೇ ಕಾಯ್ಕಂಡು ಕುಂತವ್ರೆ. ಚಿಕ್ಕಬೀರಕ್ಕಂಗೆ ನಾನೇ ಯೋಳ್ತೀನಿ, ನಿನ್ ಬದ್ಲು ಅವ್ಳು ಕರೀಲಿ.”

“ಸುನಂದಾ…”

“ಏನಕ್ಕಾ?”

“ಕೂಸು ಎಂಗದೆ?”

“ಹಾಲು ಕುಡೀತದೆ ಕಣಕ್ಕಾ. ಹತ್ತೀಲಿ ಅದ್ದಿ ಅದ್ದಿ ಹಾಕ್ತರೆ,” ಎಂದು ನಕ್ಕು, ಅವಳು ಬೀದಿಯಲ್ಲಿ ಮುಂದೆ ಹೋದಳು.

ಚಿಕ್ಕಬೀರಮ್ಮನ ಮನೆ ಅಲ್ಲಿಂದ ಐದನೆಯದು. ಸಣ್ಣತಾಯಮ್ಮ ಕಿವಿಗೊಟ್ಟು ಕೂತಳು. ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಚಿಕ್ಕಬೀರಮ್ಮನ ದನಿ ಮಾತ್ರ, ಅಳುತ್ತಿದ್ದಾಳೋ ಜಗಳವಾಡುತ್ತಿದ್ದಾಳೋ ತಿಳಿಯದಂಥ ದನಿ: “ರಾಗಿ ಡಬ್ಬದ್ದು ಕಣೇ, ಮಗೀಗೆ ಅಂತ ಇಟ್ಟಿದ್ದು… ನಾನಲ್ಲ, ನಾನೇನೂ ಅನ್ನಿಲ್ಲ… ಅವ್ಳೇ ಆಯ್ತು ಅಂದ್ಲು, ಎಲ್ರೆದ್ರಿಗೂ ಅಂದ್ಲು…”

ಸುನಂದಮ್ಮ ಹಿಂದಕ್ಕೆ ಬಂದಳು. ಓಡಲಿಲ್ಲ, ನಿಧಾನವಾಗಿಯೂ ಬರಲಿಲ್ಲ. ಜಗುಲಿಯ ಮುಂದೆ ಹಾದುಹೋಗುವಾಗ ಈ ಕಡೆ ತಿರುಗಲಿಲ್ಲ. ಅಂಟು ಹಿಡಿದ ಕೈಗಳನ್ನು ಮೈಗೆ ತಾಗದಂತೆ ದೂರ ಹಿಡಿದುಕೊಂಡು ಇಳಿಜಾರಿನಲ್ಲಿ ಇಳಿದುಹೋದಳು. ಮತ್ತೆ ಹುಣಸೆಮರದ ಕೆಳಗೆ ಕೂತು ಕಡ್ಡಿ ಎತ್ತಿಕೊಂಡಳು. ಆಮೇಲೆ ತಲೆಯೆತ್ತಿ ದಾರಿ ನೋಡಲಿಲ್ಲ.

ಬಿಸಿಲೇರಿತು. ನೆರಳು ಮರದ ಬುಡಕ್ಕೆ ಸರಿಯಿತು. ರಾಶಿಯ ಒಂದು ಮಗ್ಗುಲು ಬಿಸಿಲಿಗೆ ಬಿತ್ತು. ಗಂಡಸರೂ ಈಗ ಕಟ್ಟಲು ಕೂತಿದ್ದರು, ಆದರೆ ಅವರ ಕೈ ಅದಕ್ಕೆ ಪಳಗಿದ್ದಲ್ಲ. ನಾಲ್ಕು ಜನ ಸಂಜೆಯವರೆಗೆ ಕಟ್ಟಿದರೂ ಬ್ಯಾರನ್ನಿನ ಕಾಲುಭಾಗ ತುಂಬುವುದಿಲ್ಲ ಎಂದು ಸಣ್ಣತಾಯಮ್ಮನಿಗೆ ಗೊತ್ತಿತ್ತು. ರಾಶಿಯೊಳಗೆ ಕೈಹಾಕಿದರೆ ಈಗ ಎಷ್ಟು ಬಿಸಿ ಇರುತ್ತದೆ ಎಂಬುದು ಕೂಡ ಗೊತ್ತಿತ್ತು. ಅವಳ ಅಂಗೈ ಉರಿಯತೊಡಗಿತು. ಹೋದರೆ ಇಪ್ಪತ್ತು ಮನೆಯ ಸಾಲ ನಿಲ್ಲುತ್ತದೆ. ಒಬ್ಬಳಿಗೆ ಕೊಳವೆ ಹಾಕಿಸಬೇಕು, ಇನ್ನೊಬ್ಬಳ ಮಗನಿಗೆ ಹುಣಸೂರಿನಲ್ಲಿ ಕಾಲೇಜು. ಹೋಗದಿದ್ದರೆ ಆ ರಾಶಿ. ಹೀಗೆ ಒಂದನ್ನು ಇನ್ನೊಂದರ ಎದುರಿಗಿಟ್ಟು ನೋಡುವುದನ್ನು ತಾನು ಯಾವಾಗ ಕಲಿತೆ ಎಂದು ಅವಳಿಗೆ ದಿಗಿಲಾಯಿತು.

ಅವಳು ಎದ್ದಾಗ ಒಂದು ಗಂಟೆ. ಮಧ್ಯಾಹ್ನದ ಮೇಲೆ ಆ ಊರಿನಲ್ಲಿ ಮುಯ್ಯಾಳು ಕರೆದದ್ದೇ ಇಲ್ಲ. ಬೀದಿಯ ಮೇಲಿನ ತುದಿಗೆ ಹೋಗಿ ಮೊದಲ ಬಾಗಿಲಿಗೆ ನಿಂತಳು. ಬಾಯಿ ತೆರೆದಳು. ‘ಮುಯ್ಯಿ’ ಎಂಬ ಮಾತು ನಾಲಿಗೆಗೆ ಬರುತ್ತಲೇ ಅದರ ಹಿಂದೆ ಬುಧವಾರದ ಚಾಚಿದ ಕೈಗಳೆಲ್ಲ ಬಂದವು. ಅವಳು ಅದನ್ನು ನುಂಗಿಕೊಂಡಳು. ಹೆಸರು ಹಿಡಿದು ‘ಬಾ’ ಎಂದಷ್ಟೇ ಕರೆದಳು. ಎರಡನೆಯ ಬಾಗಿಲು. ಮೂರನೆಯ ಬಾಗಿಲು.

“ಚಿಕ್ಕಬೀರವ್ವಾ, ಬಾ.”

ಚಿಕ್ಕಬೀರಮ್ಮ ಬಾಗಿಲಿನ ಸಂದಿಯಲ್ಲೇ ನಿಂತಿದ್ದಳು. ಕಣ್ಣು ಊದಿತ್ತು. “ಈಗ ಬಂದ್ಯಾ? ಒತ್ತಾರೆಯಿಂದ ಎಲೆ ಕಟ್ಟೋ ದಾರ ಸೆರಗಲ್ಲಿ ಸಿಕ್ಕುಸ್ಕಂಡು ಕುಂತಿವ್ನಿ. ನೀನು ಕರೀದೆ ಎಂಗ್ ಬರ್ಲಿ? ನಾಯಕಿ ಅಂತೆ ನಾಯಕಿ!”

“ಬಯ್ಕಂಡು ಬಾ. ನಡೀತಾ ಬಯ್ಯಿ.”

“ಸಾಲ ನಿಲ್ಸುದ್ರೆ?”

“ಗೊತ್ತಿಲ್ಲ ಕಣಮ್ಮಿ.”

“ನಾಳಿಕ್ಕೆ ನಮ್ಮನ್ನೂ ಇಂಗೇ ಮಾಡುದ್ರೆ?”

“ಗೊತ್ತಿಲ್ಲ. ಬಾ.”

ಹದಿನೆಂಟು ಬಾಗಿಲಿಗೆ ಹೋದಳು. ಒಂಬತ್ತು ಜನ ಬಂದರು. ಬಾರದವರಲ್ಲಿ ಇಬ್ಬರು ಅವಳ ಮುಖ ನೋಡಿ ಬಾಗಿಲು ಹಾಕಿಕೊಂಡರು. ಅದು ಕೋಪವಲ್ಲ, ಹೆದರಿಕೆ ಎಂದು ಅವಳಿಗೆ ಕಂಡಿತು.

ಹೊಲಕ್ಕೆ ಇಳಿಯುವ ತಿರುವಿನಲ್ಲಿ ಶಿವಶಂಕರನ ಬೈಕು ಎದುರಾಯಿತು. ಮೇಲಿನವರು ನೋಡಿಕೊಂಡು ಬಾ ಎಂದು ಕಳಿಸಿದ್ದರು. ಅವನು ಬೈಕು ನಿಲ್ಲಿಸಿ, ಹತ್ತು ಹೆಂಗಸರನ್ನೂ, ಅವರ ಸೆರಗಿನಲ್ಲಿದ್ದ ದಾರದ ಉಂಡೆಗಳನ್ನೂ ನೋಡಿದ.

“ಅಕ್ಕಾ, ಬೇಡ. ನನ್ನ ಕೇಂದ್ರದ ನಂಬಿಕೆ ಬಿದ್ದು ಹೋಗುತ್ತೆ. ಕೆಲಸ ಹೋಗುತ್ತೆ ನಂದು.”

“ನಿಮ್ಮವ್ವನೂ ಊರೋರ ಗದ್ದೆ ನಾಟಿಗೆ ಹೋಯ್ತಿದ್ಲಾ, ಸಾಲಿಗ್ರಾಮದಲ್ಲಿ?”

ಅವನು ತಲೆ ತಗ್ಗಿಸಿದ. “ಹೂಂ ಅಕ್ಕಾ.”

“ದಾರಿ ಬುಡಪ್ಪ. ಸೊಪ್ಪು ಬೇಯ್ತಾ ಅದೆ.”

ಅವನು ಬೈಕನ್ನು ಬದಿಗೆ ತಳ್ಳಿದ. ಅವರು ಹಾದುಹೋದ ಮೇಲೂ ಬಹಳ ಹೊತ್ತು ಅಲ್ಲೇ ನಿಂತಿದ್ದ. ಅವನು ಮೈಸೂರಿಗೆ ಫೋನು ಮಾಡಿದನೋ ಇಲ್ಲವೋ ಅವರಿಗೆ ತಿಳಿಯಲಿಲ್ಲ.

ಹುಣಸೆಮರದ ಕೆಳಗೆ ಯಾರೂ ಅವರನ್ನು ಬನ್ನಿ ಅನ್ನಲಿಲ್ಲ. ಸುನಂದಮ್ಮ ತಲೆಯೆತ್ತದೆ ಎಲೆ ಕಟ್ಟುತ್ತಲೇ ಇದ್ದಳು. ಹೆಂಗಸರು ಸುತ್ತ ಕೂತು ರಾಶಿಗೆ ಕೈಹಾಕಿದರು. ಒಳಗಿನ ಎಲೆ ಬೆಚ್ಚಗಿತ್ತು. ಮಾತಿಲ್ಲದೆ, ಹಾಡಿಲ್ಲದೆ, ಒಬ್ಬರ ಉಸಿರು ಒಬ್ಬರಿಗೆ ಕೇಳುವಂತೆ ಕಟ್ಟಿದರು. ಗಂಡಸರು ಬ್ಯಾರನ್ನಿನೊಳಗೆ ಹತ್ತಿ ನಿಂತು, ಕೆಳಗಿನಿಂದ ಕೊಟ್ಟ ಕಡ್ಡಿಗಳನ್ನು ನೇತುಹಾಕಿದರು. ರಾಶಿಯ ತಳಕ್ಕೆ ಹೋದಂತೆ ಎಲೆಗಳ ಅಂಚು ಕಂದಿತ್ತು. ಇನ್ನೂ ತಳದಲ್ಲಿ ಕಪ್ಪಗೆ ಕೈಗಂಟಿ ಬರುತ್ತಿತ್ತು. ಅಂಥದ್ದನ್ನು ಸುನಂದಮ್ಮ ತಾನೇ ಎತ್ತಿ ಬದಿಗೆ ಹಾಕುತ್ತ ಹೋದಳು. ಸೂರ್ಯ ಕೆರೆಯಾಚೆ ಇಳಿಯುವ ಹೊತ್ತಿಗೆ ಬ್ಯಾರನ್ನು ಮೂರರಲ್ಲಿ ಎರಡು ಪಾಲು ತುಂಬಿತ್ತು. ಉಳಿದ ಒಂದು ಪಾಲು ಗೊಬ್ಬರದ ಗುಂಡಿಗೆ.

ಹೆಂಗಸರು ಎದ್ದು ಸೊಂಟ ನೆಟ್ಟಗೆ ಮಾಡಿಕೊಂಡರು. ಆಗ ಸುನಂದಮ್ಮ ಮೊದಲ ಸಲ ಮಾತಾಡಿದಳು.

“ಊರ ಕೂಲಿ ಅರವತ್ತು. ಸೊಪ್ಪು ಮಾರಿದ ದಿವ್ಸ ಎಲ್ರ ಮನೆಗೂ ತಂದ್ಕೊಡ್ತೀನಿ. ಮುಯ್ಯಿ ಅಂತ ಯಾರೂ ಇಟ್ಕಬ್ಯಾಡಿ.”

ಮೊದಲು ಅರ್ಥವಾದದ್ದು ಚಿಕ್ಕಬೀರಮ್ಮನಿಗೆ. ಅವಳ ಮುಖ ಕೆಂಪಾಯಿತು.

“ಕೂಲಿಗ್ ಬಂದಿವ್ನೇನೇ ನಾನು ನಿನ್ ಮನೆಗೆ?”

“ಮುಯ್ಯಿಗ್ ಬಂದಿದ್ರೆ ಒತ್ತಾರೆ ಬತ್ತಿದ್ದೆ ಕಣಕ್ಕ.”

ಸುನಂದಮ್ಮನ ದನಿ ಏರಲಿಲ್ಲ. ಅಂಕಯ್ಯ ಬ್ಯಾರನ್ನಿನ ಬಾಗಿಲಲ್ಲಿ ನಿಂತು, “ಬುಡಮ್ಮಿ,” ಅಂದ. ಅವಳು ಬಿಡಲಿಲ್ಲ. “ಯೋಳಿ. ಯಾರ್ಯಾರ್ದು ಎಷ್ಟು?”

ಎಲ್ಲರೂ ಸಣ್ಣತಾಯಮ್ಮನ ಕಡೆ ನೋಡಿದರು. ಅವಳ ಬಾಯಿಗೆ ಎಷ್ಟೋ ಮಾತು ಬಂದವು. ಬುಧವಾರದ ಹೊತ್ತು, ಕೂಗುತ್ತಿದ್ದ ಹಸುಗಳು, ಒದ್ದೆ ರವಿಕೆ, ಕಾರಿನವರ ಮುಗಿದ ಕೈ. ಎಲ್ಲವೂ ನಿಜವೇ. ಆದರೆ ಇವಳು ಬೆಳಿಗ್ಗೆ ತನ್ನ ಹಣೆ ಮುಟ್ಟಿ ನೋಡಿದ್ದಳು. ಅದರ ಮುಂದೆ ಇಡಬಹುದಾದ ಮಾತು ಅವುಗಳಲ್ಲಿ ಒಂದೂ ಇರಲಿಲ್ಲ.

“ನಂದು ಅರ್ಧ ದಿನ ಕಣವ್ವ,” ಅಂದಳು. “ಮೂವತ್ತು ರೂಪಾಯಿ. ಒತ್ತಾರೆ ನಾನು ಬರ್ನಿಲ್ಲ.”

ಸುನಂದಮ್ಮ ಅವಳನ್ನು ನೇರವಾಗಿ ನೋಡಿದಳು. ಕಣ್ಣು ತುಂಬಿದ್ದವು, ಹನಿ ಕೆಳಗೆ ಬೀಳಲಿಲ್ಲ.

“ಆಗ್ಲಿ,” ಅಂದಳು. “ನಿಮ್ದು ಅರ್ಧ ದಿನ.”

ಇಪ್ಪತ್ತೈದು ವರ್ಷದಲ್ಲಿ ಅವಳು ಸಣ್ಣತಾಯಮ್ಮನನ್ನು ‘ನೀವು’ ಅಂದದ್ದು ಅದೇ ಮೊದಲು. ಅಂಕಯ್ಯ ಬಾಗಿಲು ಎಳೆದು, ಅದರ ಸಂದಿಗೆ ಹಸಿಮಣ್ಣು ಮೆತ್ತತೊಡಗಿದ. ಹೆಂಗಸರು ಒಬ್ಬೊಬ್ಬರಾಗಿ ತಮ್ಮ ಕೂಲಿ ಹೇಳಿ, ಕೈ ತೊಳೆಯದೆ, ಊರಿನ ದಾರಿ ಹಿಡಿದರು.